ತೆರೆದಿದ್ದ ಪೋರ್ಟ್

ತೊಟ್ಟಿಲ ಮೇಲಿನ ಕ್ಯಾಮೆರಾ ಪದೇ ಪದೇ ನಿಲ್ಲುತ್ತಿದೆಯೆಂದು ಭಾರ್ಗವಿ ರೌಟರಿನ ಸೆಟ್ಟಿಂಗ್ ತೆಗೆದು ನೋಡಿದಳು. ಇಂಟರ್ನೆಟ್ಟಿನಿಂದ ಕ್ಯಾಮೆರಾಕ್ಕೆ ದಾರಿ ಬಿಡುವ ಒಂದು ಪೋರ್ಟ್ ಹೊರಗಿನವರಿಗೆ ತೆರೆದಿತ್ತು. ಅಡುಗೆಮನೆಯಿಂದ ತಾನೊಬ್ಬಳೇ ನೋಡುತ್ತಿದ್ದೇನೆ ಅಂದುಕೊಂಡಿದ್ದ ಕೋಣೆಯ ದೃಶ್ಯ, ಆ ದಾರಿಯಿಂದ ಇನ್ನೆಲ್ಲಿಗೋ ಹೋಗುತ್ತಿತ್ತು. ಅವಳು ಮಗುವಿಗೆ ಹಾಲೂಡುತ್ತಿದ್ದದ್ದು, ಬಟ್ಟೆ ಬದಲಿಸುತ್ತಿದ್ದದ್ದು ಅದೇ ಕೋಣೆಯಲ್ಲಿ. ಮೈಯೆಲ್ಲ ಹೇಸಿಗೆಯಾಯಿತು. ಪೋರ್ಟ್ ಮುಚ್ಚಿ, ಗಂಡನಿಗೆ ಫೋನ್ ಮಾಡಿದಳು.

“ರೀ, ಯಾರೋ ನಮ್ಮ ರೌಟರಿಗೆ ಕೈ ಹಾಕಿದಾರೆ. ಕ್ಯಾಮೆರಾದ ಪೋರ್ಟ್ ತೆಗೆದಿಟ್ಟಿದ್ರು. ಯಾವಾಗಿಂದ ನೋಡ್ತಿದ್ರೋ ಏನೋ! ಪೊಲೀಸರಿಗೆ ಹೇಳೋಣ್ವಾ?”

ಗಂಡ ಕೇಳಿದ್ದು ಒಂದೇ ಮಾತು.

“ಮುಚ್ಚಿಬಿಟ್ಯಾ?”

“ಹ್ಞೂಂ, ಈಗಷ್ಟೇ.”

“ಮೊದ್ಲು ತೆಗಿ ಅದನ್ನ. ಅಮ್ಮ ಆಗ್ಲೇ ಊರಿಂದ ಫೋನ್ ಮಾಡಿದ್ರು, ನೀನು ಕಾಣಿಸ್ತಾ ಇಲ್ಲ ಅಂತ.”