ಹತ್ತಕ್ಕೆ ಸೊನ್ನೆ ಬರೆದ ಹುಡುಗಿ

ಚಿತ್ರದುರ್ಗದ ಕಡೆಯ ಒಂದು ಪಿಯು ಕಾಲೇಜು. ಅಲ್ಲಿ ಬಯಾಲಜಿ ಲೆಕ್ಚರರ್ ತಿಪ್ಪೇರುದ್ರಪ್ಪನವರ ಮೊದಲ ಪಾಠ ಅಂದರೆ ಇಡೀ ಕಾಲೇಜಿಗೇ ಫೇಮಸ್ಸು...

ಅಂಗೈಯಲ್ಲಿ ಒಂದು ಹೆಸರುಕಾಳು ಹಿಡಿದು ಕೇಳುತ್ತಿದ್ದರು. "ಇದು ಉಸಿರಾಡೋದು ಕಾಣುತ್ತಾ? ಬೆಳೀತಾ ಇದೆಯಾ? ಮುಟ್ಟಿದ್ರೆ ಅಲ್ಲಾಡುತ್ತಾ? ಹಾಗಾದ್ರೆ ಇದಕ್ಕೆ ಜೀವ ಇದೆಯೋ ಇಲ್ವೋ?"

ಹುಡುಗರು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು.

"ನಾನು ಹೇಳಿದೆ ಅಂತ ನಂಬಬೇಡ್ರಪ್ಪಾ. ಪುಸ್ತಕದಲ್ಲಿದೆ ಅಂತಾನೂ ನಂಬಬೇಡಿ. ಮೊದಲು ಊಹೆ ಮಾಡಿ, ಆಮೇಲೆ ಪ್ರಯೋಗ ಮಾಡಿ, ಕಣ್ಣಿಗೆ ಕಂಡಿದ್ದನ್ನ ಬರೀರಿ. ಅದೇ ವಿಜ್ಞಾನ!"

ಎಂಥ ಮಾತು! ಚಪ್ಪಾಳೆಯೋ ಚಪ್ಪಾಳೆ... ಮೇಷ್ಟ್ರಿಗೂ ಆ ಚಪ್ಪಾಳೆ ಅಂದರೆ ಬಲು ಇಷ್ಟ.

ಈ ವರ್ಷವೂ ಅಟೆಂಡರ್ ಓಬಣ್ಣನ ಕೈಯಲ್ಲಿ ಒಬ್ಬೊಬ್ಬರಿಗೆ ಹತ್ತು ಹತ್ತು ಹೆಸರುಕಾಳು ಕೊಡಿಸಿದರು. ಒದ್ದೆ ಹತ್ತಿಯಲ್ಲಿಟ್ಟು ಐದು ದಿನ ನೋಡಿ, ಎಷ್ಟು ಮೊಳೆತವು ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು.

ವಾರ ಕಳೆಯಿತು. ಐವತ್ತೆಂಟು ರೆಕಾರ್ಡ್ ಮೇಜಿನ ಮೇಲೆ ಬಂದು ಬಿದ್ದವು. ಮೇಷ್ಟ್ರು ಸರಸರ ಸೈನ್ ಹಾಕುತ್ತ ಹೋದರು. ಹತ್ತಕ್ಕೆ ಒಂಬತ್ತು... ಒಂಬತ್ತು... ಹತ್ತು... ಗುಡ್, ಗುಡ್, ವೆರಿ ಗುಡ್.

ಒಂದು ಪುಟದಲ್ಲಿ ಪೆನ್ನು ತಟ್ಟನೆ ನಿಂತಿತು. "ಮೊಳೆತ ಕಾಳು: ಸೊನ್ನೆ."

"ಯಾರಮ್ಮ ಇದು ಬಿಂದುಶ್ರೀ? ಎದ್ದು ನಿಲ್ಲು."

ಕೊನೆಯ ಬೆಂಚಿನಿಂದ ಒಬ್ಬ ಸಣಕಲು ಹುಡುಗಿ ಎದ್ದಳು.

"ಹೆಸರುಕಾಳು ಮೊಳಕೆ ಬರಿಸೋಕೂ ಬರಲ್ವಾ ನಿಂಗೆ? ನಮ್ಮಜ್ಜಿ ಕಣ್ಣು ಕಾಣ್ದೇ ಇದ್ರೂ ಬಟ್ಟೇಲಿ ಕಟ್ಟಿ ಬರಿಸ್ತಿದ್ರು! ನೀರು ಹಾಕ್ದೆ ಮೊಬೈಲ್ ನೋಡ್ಕೊಂಡ್ ಕೂತಿದ್ದೆ, ಅಲ್ವಾ?"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

"ಇಲ್ಲ ಸಾರ್... ದಿನಾ ಎರಡು ಸಲ ನೀರು ಹಾಕಿದೀನಿ. ಮುಂದಿನ ಪುಟದಲ್ಲಿ..."

"ಎದುರು ಮಾತಾಡ್ಬೇಡ! ಎಲ್ಲರಿಗೂ ಬಂದಿದ್ದು ನಿನಗೊಬ್ಬಳಿಗೆ ಬರಲಿಲ್ವಾ?" ಸೊನ್ನೆಯ ಮೇಲೆ ಕೆಂಪು ಗೀಟು ಎಳೆದು ಪುಸ್ತಕ ನೂಕಿದರು. "ಒಂಬತ್ತು ಅಂತ ತಿದ್ಕೊಂಡ್ ಬಾ. ಅಲ್ಲೀವರೆಗೂ ಸೈನ್ ಇಲ್ಲ. ಸೈನ್ ಇಲ್ದಿದ್ರೆ ಪ್ರಾಕ್ಟಿಕಲ್ ಎಕ್ಸಾಮೂ ಇಲ್ಲ."

ಹುಡುಗಿ ತಿದ್ದಿಕೊಂಡು ಬರಲಿಲ್ಲ.

ಐದನೆಯ ದಿನ ಸ್ಟಾಫ್ ರೂಮಿಗೆ ಬಂದು, ಅದೇ ರೆಕಾರ್ಡನ್ನೂ ಜೊತೆಗೊಂದು ಅರ್ಜಿಯನ್ನೂ ಮೇಷ್ಟ್ರ ಮೇಜಿನ ಮೇಲಿಟ್ಟು ಹೊರಟುಹೋದಳು. ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಸೇರಲು ಅನುಮತಿ ಬೇಕಂತೆ. ಕಾರಣ ಎಂಬಲ್ಲಿ ಒಂದೇ ಸಾಲು: "ಕಾಣದೇ ಇದ್ದದ್ದನ್ನು ಕಂಡೆ ಎಂದು ಬರೆಯಲು ನನ್ನಿಂದ ಆಗುತ್ತಿಲ್ಲ."

"ಅಬ್ಬಾ, ಏನು ಕೊಬ್ಬು!" ಅಂದುಕೊಂಡರು ಮೇಷ್ಟ್ರು.

ಅಷ್ಟರಲ್ಲಿ ಓಬಣ್ಣ ಟೀ ತಂದ.

"ಓಬಣ್ಣ, ಆ ಹೆಸರುಕಾಳು ಉಳಿದಿದ್ರೆ ನಾಳೆ ಬಿ ಸೆಕ್ಷನ್‌ಗೂ ಕೊಟ್ಬಿಡಪ್ಪ."

"ಡಬ್ಬಿ ತುಂಬ ಐತೆ ಸಾರ್. ಹೋದ್ ವರ್ಷ ಹುಳ ಬಿದ್ದು ಹಾಳಾಗಿತ್ತಲ್ಲ... ಈ ಸಲ ತಂದ ದಿನಾನೇ ನಮ್ಮ ಮನೆಯಾಕೆ ಬಾಣಲೇಲಿ ಹಾಕಿ ಘಮ್ ಅನ್ನೋ ಹಂಗೆ ಹುರಿದು ಕೊಟ್ಲು. ವರ್ಷ ಇಟ್ರೂ ಒಂದು ಹುಳ ಬೀಳಲ್ಲ ನೋಡ್ರಿ!"

ಲೋಟ ಮೇಷ್ಟ್ರ ಕೈಯಲ್ಲೇ ನಿಂತಿತು.

"ಹುರಿದು... ಕೊಟ್ಲಾ?"

ಹುರಿದ ಕಾಳು ಎಲ್ಲಾದರೂ ಮೊಳೆಯುವುದುಂಟೇ! ಹಾಗಾದರೆ ಐವತ್ತೇಳು ಮಕ್ಕಳ ಆ ಒಂಬತ್ತು, ಹತ್ತು... ಅವೆಲ್ಲ ಎಲ್ಲಿಂದ ಬಂದವು?

ಬಿಂದುಶ್ರೀಯ ರೆಕಾರ್ಡ್ ತೆರೆದರು. ಅಂದು ತಿರುವಿಯೂ ನೋಡದಿದ್ದ ಮುಂದಿನ ಪುಟ...

"ಮೂರನೆಯ ದಿನವೂ ಕಾಲೇಜಿನ ಕಾಳು ಮೊಳೆಯಲಿಲ್ಲ. ತಪ್ಪು ನನ್ನದೋ ಕಾಳಿನದೋ ತಿಳಿಯಲು ಅಂಗಡಿಯಿಂದ ಹತ್ತು ಕಾಳು ತಂದು ಪಕ್ಕದಲ್ಲೇ ಇಟ್ಟೆ. ಅಂಥದೇ ಹತ್ತಿ, ಅದೇ ನೀರು. ಎಂಟು ಮೊಳೆತವು. ಕಾಲೇಜಿನ ಕಾಳಿನಲ್ಲಿ ಜೀವ ಇರಲಿಲ್ಲ ಎಂದು ನನ್ನ ಊಹೆ. ಇನ್ನೊಮ್ಮೆ ಪರೀಕ್ಷಿಸಬೇಕು."

ಇಪ್ಪತ್ತಾರು ವರ್ಷ ತಾವು ಬಾಯಲ್ಲಿ ಹೇಳಿದ ವಿಜ್ಞಾನವನ್ನು ಹದಿನಾರರ ಹುಡುಗಿಯೊಬ್ಬಳು ಮಾಡಿ ತೋರಿಸಿದ್ದಳು. ಅವಳನ್ನೇ ಎಲ್ಲರೆದುರು ನಿಲ್ಲಿಸಿ ನಗೆಪಾಟಲು ಮಾಡಿಬಿಟ್ಟಿದ್ದರು! ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಮೇಷ್ಟ್ರಿಗೆ.

ಟೀ ಅಲ್ಲೇ ಬಿಟ್ಟು, ಅರ್ಜಿಯನ್ನು ಜೇಬಿಗಿಟ್ಟು, ಆ ರೆಕಾರ್ಡ್ ಹಿಡಿದು ಕ್ಲಾಸಿಗೆ ನಡೆದರು.

"ನಿಜ ಹೇಳ್ರಪ್ಪಾ, ಬೈಯಲ್ಲ... ಮೊಳಕೆ ಬಂದಿದ್ದನ್ನ ಕಣ್ಣಾರೆ ಕಂಡೋರು ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ.

ಮೊದಲ ಬೆಂಚಿನ ಟಾಪರ್ ಹುಡುಗ ತಲೆ ತಗ್ಗಿಸಿ ನಿಂತ. "ಸೀನಿಯರ್ಸ್ ರೆಕಾರ್ಡ್ ನೋಡಿ ಬರೆದ್ವಿ ಸಾರ್. ಮೊಳಕೆ ಬಂದಿಲ್ಲ ಅಂತ ಬರೆದ್ರೆ ನೀವು ಸೈನ್ ಹಾಕಲ್ಲ ಅಂತ ಅವರೇ ಹೇಳಿದ್ರು..."

ಆ ಮಾತು ಕಪಾಳಕ್ಕೆ ಬಾರಿಸಿದ ಹಾಗಾಯಿತು. ಮಕ್ಕಳಿಗೆ ಸುಳ್ಳು ಕಲಿಸಿದವರು ಬೇರೆ ಯಾರೂ ಅಲ್ಲ, ತಾವೇ!

ಮೇಷ್ಟ್ರು ಕೊನೆಯ ಬೆಂಚಿನವರೆಗೂ ನಡೆದುಹೋದರು. ಎಲ್ಲರೂ ನೋಡುತ್ತಿದ್ದಂತೆಯೇ ಕೈ ಮುಗಿದರು.

"ತಪ್ಪಾಯ್ತಮ್ಮಾ. ಆ ಕಾಳು ಸತ್ತಿತ್ತು. ಅದನ್ನ ಕಂಡಿದ್ದು ನೀನೊಬ್ಬಳೇ. ನಾನು ನಿನ್ನನ್ನೇ ಸುಳ್ಳುಗಾತಿ ಮಾಡ್ಬಿಟ್ಟೆ."

ಹುಡುಗಿಯ ಕಣ್ಣು ತುಂಬಿ ಬಂತು. "ಸಾರ್... ಸೈನ್ ಆಮೇಲೆ ಹಾಕಿ. ನಾನು ಸುಳ್ಳು ಹೇಳಿಲ್ಲ ಅಂತ ಒಂದೇ ಒಂದು ಸಾಲು ಬರೆದುಕೊಡಿ ಸಾರ್. ಅಮ್ಮಂಗೆ ತೋರಿಸ್ಬೇಕು. 'ಮೇಷ್ಟ್ರು ಸುಮ್ಮಸುಮ್ಮನೆ ಬೈತಾರಾ, ನೀನೇ ಏನೋ ಕಳ್ಳಾಟ ಆಡಿರ್ತೀಯ' ಅಂತ ನಾಲ್ಕು ದಿನದಿಂದ ನನ್ನ ಜೊತೆ ಮಾತೇ ಆಡ್ತಿಲ್ಲ..."

ಮೇಷ್ಟ್ರಿಗೆ ಅಳು ತಡೆಯಲಾಗಲಿಲ್ಲ. ಹುಡುಗರ ಮುಂದೆಯೇ ಕಣ್ಣೊರೆಸಿಕೊಂಡು ಆ ರೆಕಾರ್ಡಿನಲ್ಲೇ ಬರೆದರು.

"ನಿಮ್ಮ ಮಗಳು ಕಂಡದ್ದನ್ನೇ ಬರೆದಿದ್ದಾಳೆ ತಾಯಿ. ನೋಡದೆ ತೀರ್ಮಾನ ಮಾಡಿದವನು ನಾನು."

ಕೆಳಗೆ ಪೂರ್ತಿ ಹೆಸರು ಬರೆದು ಸೈನ್ ಹಾಕಿದರು. ಆಮೇಲೆ ಜೇಬಿನಿಂದ ಅರ್ಜಿ ತೆಗೆದರು. "ಇದನ್ನ ವಾಪಸ್ ತಗೋತೀಯೇನಮ್ಮ? ಕೇಳೋಕೂ ನನಗೆ ಮುಖ ಇಲ್ಲ..."

ಬಿಂದುಶ್ರೀ ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಬಯಾಲಜಿ ಪುಸ್ತಕ ತೆಗೆದಳು.

*

ನಿಜ ಹೇಳು ಎಂದು ಕಲಿಸುವುದು ಸುಲಭ... ಮಗು ನಿಜ ಹೇಳಿದಾಗ ಅದನ್ನು ತಾಳಿಕೊಳ್ಳುವುದೇ ಕಷ್ಟ.

ನಿಮ್ಮ ಮನೆಯ ಮಗು "ಇಲ್ಲ, ನಾನು ನೋಡಿದ್ದು ಹೀಗೆ" ಎಂದು ಕಳೆದ ಸಲ ಹೇಳಿದಾಗ... ನೀವು ಕೇಳಿಸಿಕೊಂಡಿರಾ, ಇಲ್ಲ ಬಾಯಿ ಮುಚ್ಚಿಸಿದಿರಾ?