ಬೆರಳಿಗೆ ಸಿಕ್ಕ ಇಸವಿ

"ಇವತ್ತು ಮೊದಲು ಬರೋ ಗಿರಾಕಿಯ ನಾಣ್ಯಗಳ ಇಸವಿಯಲ್ಲಿ ಒಂದೇ ಒಂದು ತಪ್ಪು ಹೇಳಿದ್ರೂ, ನಾಳೆ ನನ್ನ ಜೊತೆ ಕಣ್ಣಾಸ್ಪತ್ರೆಗೆ ಬರ್ತೀರಿ. ಪೊರೆ ತೆಗೆಸ್ತೀರಿ. ಎಲ್ಲಾ ಸರಿ ಹೇಳಿದ್ರೆ, ಆಸ್ಪತ್ರೆ ಅನ್ನೋ ಮಾತೇ ಇನ್ನು ನನ್ನ ಬಾಯಲ್ಲಿ ಬರಲ್ಲ. ಸರೀನಾ ಅಪ್ಪ?" ಅಂಗಡಿಯ ಗಾಜಿನ ಕಪಾಟು ಒರೆಸುತ್ತಾ ಮಗಳು ಪಂದ್ಯ ಕಟ್ಟಿಯೇಬಿಟ್ಟಳು.

"ಸರಿ. ಅಲ್ಲಮ್ಮಾ, ನನ್ನ ಕಣ್ಣಿಗೆ ಏನಾಗಿದೆ ಅಂತ?"

"ಏನೂ ಆಗಿಲ್ಲಪ್ಪ. ಮೊನ್ನೆ ಮೊಳೆಗೆ ತೂಗುಹಾಕಿದ್ದ ಕೋಟಿಗೆ 'ಬನ್ನಿ ಸಾರ್, ಕೂತ್ಕೊಳ್ಳಿ' ಅಂದ್ರಿ. ಅದು ಕೂರಲಿಲ್ಲ ಅಂತ ಬೇಜಾರೂ ಮಾಡ್ಕೊಂಡ್ರಿ."

"ಅಂಗಡಿಗೆ ಬಂದ ಮೇಲೆ ಕೋಟೂ ಗಿರಾಕಿನೇ," ಅಂದರು ಅಪ್ಪ. ಬಿದ್ದರೂ ಮೀಸೆ ಮಣ್ಣಾಗಬಾರದು, ಅಷ್ಟೇ. ಹಳೆಯ ನಾಣ್ಯಕ್ಕೆ ಬೆಲೆ ಕಟ್ಟುವುದರಲ್ಲಿ ಅವರದು ನಲವತ್ತು ವರ್ಷದ ಪಳಗಿದ ಕೈ. ಆದರೆ ಕಣ್ಣಿನ ಹತ್ತಿರ ಯಾರೋ ಕತ್ತಿ ತರುತ್ತಾರೆ ಎಂದು ನೆನೆದರೇ ಸಾಕು, ಅವರಿಗೆ ಜೀವ ಬಾಯಿಗೆ ಬರುತ್ತಿತ್ತು. ಹಾಗಂತ ಮಗಳ ಮುಂದೆ ಒಪ್ಪಿಕೊಳ್ಳುವುದುಂಟೇ!

ಮೊದಲ ಗಿರಾಕಿಯಾಗಿ ಬಂದದ್ದು ಪಕ್ಕದ ಬೀದಿಯ ದರ್ಜಿ. ಅಳತೆಯ ಟೇಪು ಕೊರಳಲ್ಲೇ ನೇತಾಡುತ್ತಿತ್ತು. ಒಂದು ಬಿಸ್ಕತ್ತಿನ ಡಬ್ಬಿಯಿಂದ ನಾಲ್ಕು ಪುಟ್ಟ ಕಾಗದದ ಪೊಟ್ಟಣ ತೆಗೆದು ಅಪ್ಪನ ಮುಂದಿಟ್ಟ.

"ನಮ್ಮಜ್ಜಿಯ ತಾಮ್ರದ ಕಾಸು, ಸ್ವಾಮಿ. ಪಾತ್ರೆ ತಿಕ್ಕುವಾಗ ಇವನ್ನೂ ಬೂದಿ ಹಾಕಿ ತಿಕ್ಕೋರು. ಕೊಳೆ ಜೊತೆ ರಾಜನ ಮುಖಾನೂ ಹೋಯ್ತು, ಇಸವಿನೂ ಹೋಯ್ತು. ಆದ್ರೆ ಯಾವ ಇಸವಿದು ಅಂತ ನಂಗೊತ್ತು..."

"ಹೇಳ್ಬೇಡಿ, ಹೇಳ್ಬೇಡಿ!" ಮಗಳು ಅಡ್ಡ ಬಂದಳು. "ಅಪ್ಪನೇ ಹೇಳಲಿ. ನೀವು ಸರಿಯೋ ತಪ್ಪೋ ಅಂದ್ರೆ ಸಾಕು."

ಅಪ್ಪ ಮೊದಲ ಪೊಟ್ಟಣ ಬಿಡಿಸಿ, ಕಾಗದವನ್ನು ಮುದುರಿ ಕಾಲಬಳಿಯ ಬುಟ್ಟಿಗೆ ಎಸೆದರು. ನಾಣ್ಯವನ್ನು ಅಂಗೈಯಲ್ಲಿ ಎರಡು ಸಲ ಕುಣಿಸಿ ತೂಕ ನೋಡಿದರು, ಅಂಚಿನ ಸುತ್ತ ಉಗುರಾಡಿಸಿದರು. "ದಪ್ಪ ಇದೆ. ತಾಮ್ರ ತುಟ್ಟಿಯಾಗೋಕೆ ಮುಂಚಿನದು. ಮೂವತ್ತೆಂಟನೇ ಇಸವಿ."

ದರ್ಜಿ ಬಿಟ್ಟ ಬಾಯಿ ಬಿಟ್ಟ ಹಾಗೇ ತಲೆಯಾಡಿಸಿದ. "ಸರಿ!"

ಎರಡನೆಯದನ್ನು ಮರದ ಮೇಜಿನ ಮೇಲೆ ಬೀಳಿಸಿ ಕಿವಿಗೊಟ್ಟು ಕೇಳಿದರು. "ಸದ್ದು ಮೊಂಡು. ಸೀಸ ಜಾಸ್ತಿ ಬೆರೆಸಿದ್ದಾರೆ. ಯುದ್ಧದ ಕಾಲ. ನಲವತ್ಮೂರು. ತಾಮ್ರದ ಬೆಲೆ ಬರುತ್ತೆ, ಅದಕ್ಕಿಂತ ಜಾಸ್ತಿ ಆಸೆ ಪಡ್ಬೇಡಿ." ಅದೂ ಸರಿ. ಮೂರನೆಯದರ ನಡುವೆ ಒಂದು ಸಣ್ಣ ಉಬ್ಬುಗೆರೆ ಸಿಕ್ಕಿತು. ಟಂಕಸಾಲೆಯ ಅಚ್ಚು ಬಿರುಕು ಬಿಟ್ಟಿದ್ದ ವರ್ಷ ಯಾವುದೆಂದು ಅಪ್ಪನಿಗೆ ಬಾಯಿಪಾಠ. ಅದೂ ಸರಿ. ಮಗಳ ಮುಖ ಸಣ್ಣದಾಗುತ್ತಾ ಬಂತು. ಸೋಲುತ್ತಿದ್ದೇನೆ ಎಂಬ ಸಂಕಟ ಒಂದು ಕಡೆ, ಎಂಥಾ ಅಪ್ಪ ನನ್ನಪ್ಪ ಎಂಬ ಹೆಮ್ಮೆ ಇನ್ನೊಂದು ಕಡೆ.

ನಾಲ್ಕನೆಯದು ನುಣ್ಣಗೆ ಗುಂಡಿಯಂತೆ ಸವೆದಿತ್ತು. ಅಪ್ಪ ಅದರ ಮೇಲೆ ಮತ್ತೆ ಮತ್ತೆ ಹೆಬ್ಬೆರಳಾಡಿಸಿದರು. ಮಗಳಿಗೆ ಆಸೆ ಚಿಗುರಿತು.

"ಹೇಳೋಕೆ ಆಗಲ್ಲ ಅಂದ್ಬಿಡಿ ಅಪ್ಪ, ತಪ್ಪೇನಿಲ್ಲ."

"ಇರಮ್ಮ ತಾಯಿ. ಇದು ರಾಣಿ. ಮುಖ ಹೋಗಿದೆ, ಮುಡಿ ಉಳಿದಿದೆ. ಈ ಮುಡಿ ಒಂದೇ ವರ್ಷ ಬಂದಿದ್ದು, ಆಮೇಲೆ ಅವಳ ತಲೆ ಮೇಲೆ ಮುಸುಕು ಹಾಕಿದ್ರು. ಹದಿನೆಂಟುನೂರ ಅರವತ್ತೆರಡು. ದರ್ಜಿಯವರೇ, ಆ ಮೂರೂ ಸೇರಿದ್ರೆ ಎಷ್ಟಾಗುತ್ತೋ ಅದರ ಹತ್ತರಷ್ಟು ಇದೊಂದಕ್ಕೇ ಬರುತ್ತೆ. ಇನ್ನು ಮೇಲೆ ಬೂದಿ ಮುಟ್ಟಿಸ್ಬೇಡಿ."

ದರ್ಜಿ ಎದ್ದು ನಿಂತು ಕೈಮುಗಿದೇಬಿಟ್ಟ. ಅಪ್ಪ ಕುರ್ಚಿಗೆ ಒರಗಿ, ಮಗಳು ನಿಂತಿದ್ದಾಳೆಂದುಕೊಂಡ ದಿಕ್ಕಿಗೆ ತಿರುಗಿ ಮೀಸೆ ತೀಡಿದರು. ಅವಳು ಸ್ವಲ್ಪ ಎಡಕ್ಕಿದ್ದಳು.

"ಆಯ್ತಪ್ಪ, ಸೋತೆ," ಅಂದಳು ಮಗಳು. "ಇನ್ನು ಆಸ್ಪತ್ರೆ ಮಾತೇ ಎತ್ತಲ್ಲ."

"ನಿಮ್ಮಂಥವರನ್ನ ನಾನು ನೋಡೇ ಇಲ್ಲ ಸ್ವಾಮಿ," ದರ್ಜಿ ಇನ್ನೂ ಹೊಗಳುತ್ತಲೇ ಇದ್ದ. "ವಿದ್ಯೆ ಹಾಗಿರಲಿ, ನಿಮ್ಮ ನಿಯತ್ತು ದೊಡ್ಡದು. ಮೊದಲು ಇಬ್ಬರ ಹತ್ರ ಹೋಗಿದ್ದೆ. ಇಬ್ಬರೂ ಚೀಟಿ ಓದ್ಕೊಂಡು ಬೆಲೆ ಹೇಳಿದ್ರು. ನೀವು ಅದರ ಕಡೆ ಕಣ್ಣೆತ್ತಿಯೂ ನೋಡದೆ ಬುಟ್ಟಿಗೆ ಎಸೆದ್ರಲ್ಲ!"

"ಯಾವ ಚೀಟಿ?" ಅಪ್ಪನೂ ಮಗಳೂ ಒಟ್ಟಿಗೇ ಕೇಳಿದರು.

"ಅದೇ, ನಾಣ್ಯ ಸುತ್ತಿದ್ದ ಕಾಗದ. ತಿಕ್ಕಿ ತಿಕ್ಕಿ ಇಸವಿ ಅಳಿಸ್ತಾ ಬಂತಲ್ಲ, ಪೂರ್ತಿ ಹೋಗೋಕೆ ಮುಂಚೆ ಅಜ್ಜಿ ಒಂದೊಂದರ ಇಸವೀನೂ ಅದರ ಕಾಗದದ ಒಳಮೈ ಮೇಲೆ ಬರೆದಿಟ್ಟಿದ್ರು."

ದರ್ಜಿ ನಾಣ್ಯಗಳನ್ನು ಡಬ್ಬಿಗೆ ಹಾಕಿಕೊಂಡು ಮತ್ತೊಮ್ಮೆ ಕೈಮುಗಿದು ಹೋದ. ಮಗಳು ಬಗ್ಗಿ ಬುಟ್ಟಿಯಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟು ಸುಕ್ಕು ಬಿಡಿಸಿದಳು. ಕಡುನೀಲಿ ಶಾಯಿಯಲ್ಲಿ, ಕಾಗದದ ಉದ್ದಕ್ಕೂ, ಬೀದಿಯ ಆಚೆಯಿಂದ ಓದುವಷ್ಟು ದೊಡ್ಡದಾಗಿ ನಾಲ್ಕು ಅಂಕಿ. ಅವಳಿಗೆ ನಗು ಉಕ್ಕಿತು. ಆದರೆ ಕೊಟ್ಟ ಮಾತು ಕೊಟ್ಟಿದ್ದಾಗಿತ್ತು, ಆಸ್ಪತ್ರೆ ಅನ್ನುವ ಹಾಗಿರಲಿಲ್ಲ.

"ಪಂದ್ಯ ನೀವೇ ಗೆದ್ರಿ ಅಪ್ಪ," ಎಂದು ಕಾಗದವನ್ನು ಅವರ ಕೈಯಲ್ಲಿಟ್ಟಳು. "ಇದೊಂದು ಓದಿಬಿಡಿ."

ಅಪ್ಪ ಅದನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಬೆಳಕಿನ ಕಡೆ ತಿರುಗಿಸಿದರು. ಕೊನೆಗೆ ಅದರ ಮೇಲೆ ಮೆಲ್ಲಗೆ ಹೆಬ್ಬೆರಳಾಡಿಸಿದರು.

"ಇದು ಬಹಳ ಸವೆದಿದೆ ಮಗಳೇ," ಅಂದರು.