ಎಡಗಡೆಯ ಎಂಜಿನ್

ಮೊದಲು ಮುರಿದದ್ದು ಕಿರುಬೆರಳು. ಎಡಗೈಯದು. ಬಲಗೈಗೆ ಇನ್ನೂ ಕೆಲಸವಿತ್ತು. ದಣಿ ಅಷ್ಟರಮಟ್ಟಿಗೆ ವಿವೇಕಿ.

ಮೇಸ್ತ್ರಿ ಕೂಗಲಿಲ್ಲ. ಗುಜರಿ ಅಂಗಳದ ಎಣ್ಣೆ ಕುಡಿದ ನೆಲದ ಮೇಲೆ ಮಂಡಿಯೂರಿ, ಕೈಯನ್ನು ಕಂಕುಳಲ್ಲಿ ಅವುಚಿಕೊಂಡ. ಅವನ ಬೆರಳನ್ನು ಮುರಿದಿದ್ದ ದಣಿಯ ಆಳು ತನ್ನ ಇಕ್ಕಳವನ್ನು ಪ್ಯಾಂಟಿಗೆ ಒರೆಸಿಕೊಂಡ. ಜನ ಅವನನ್ನೂ ಇಕ್ಕಳ ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆ.

"ಈಗ ನಿಜ ಹೇಳು. ಯಾವುದು?" ಎಂದ ದಣಿ.

ಎದುರಿಗೆ ಎರಡು ಡೀಸೆಲ್ ಎಂಜಿನ್. ಒಂದೇ ದೋಣಿಯಿಂದ ಇಳಿಸಿದವು. ದೋಣಿಯ ಎಡಗಡೆಯದೊಂದು, ಬಲಗಡೆಯದೊಂದು. ಒಂದೇ ಬಣ್ಣ, ಒಂದೇ ತೂಕ, ಹೆತ್ತವಳಿಗೂ ಗುರುತು ಸಿಗದ ಅವಳಿಗಳು. ಮರೆತೀತೆಂದು ಗುಜರಿಯವನು ಸೀಮೆಸುಣ್ಣದಲ್ಲಿ 'ಎಡ', 'ಬಲ' ಎಂದು ಬರೆದಿಟ್ಟಿದ್ದ.

"ಅದೇ ದಣಿ. ಬಲಗಡೇದು," ಎಂದ ಮೇಸ್ತ್ರಿ.

ದಣಿಗೆ ನಂಬಿಕೆ ಬರಲಿಲ್ಲ. ನಂಬದಿರಲು ಕಾರಣವೂ ಇತ್ತು.

ಅವನ ಮನೆ ಒಂದು ಬಸ್ಸು. ಹಳೆಯ ಟೂರಿಸ್ಟ್ ಕೋಚ್ ಕೊಂಡು, ಸೀಟುಗಳನ್ನು ಕಿತ್ತೆಸೆದು, ನಡುವೆ ಸೋಫಾ, ಹಿಂದೆ ಮಂಚ ಹಾಕಿಸಿದ್ದ. ಮಂಚದ ತಲೆದೆಸೆಗೆ ಅಗಲವಾದ ಗಾಜು. ಗಾಜಿನಾಚೆ ಅವನದೇ ಕಲ್ಲು ಕ್ವಾರಿ, ಇನ್ನೂರು ಅಡಿ ಆಳ. ಮಲಗಿದಲ್ಲಿಂದಲೇ ಕೆಳಗೆ ಕಲ್ಲೊಡೆಯುವವರ ಮೇಲೆ ಕಣ್ಣಿಡಬೇಕೆಂದು ಬಸ್ಸಿನ ಬೆನ್ನನ್ನು ಅಂಚಿಗೆ ಒತ್ತಿ ನಿಲ್ಲಿಸಿದ್ದ. ಅಲ್ಲೇ, ಮೂತಿಯೊಳಗಿನ ಎಂಜಿನ್ ಸೀಜ್ ಆಗಿ, ಬಸ್ಸು ಎರಡು ತಿಂಗಳಿಂದ ಕೂತಿತ್ತು.

ಆ ಬಸ್ಸಿಗೆ ಒಂದು ನಿಯಮವಿತ್ತು. ರಿಪೇರಿ ಮಾಡಿದವನು ಮೊದಲ ಓಟದ ಹೊತ್ತಿಗೆ ಬಂಪರಿನ ಮುಂದೆ ನಿಲ್ಲಬೇಕು. ಸ್ಟೇರಿಂಗ್ ದಣಿಯದು. ಕೆಲಸದಲ್ಲಿ ಮೋಸವಿದ್ದರೆ ಮೊದಲ ಪೆಟ್ಟು ಮೋಸ ಮಾಡಿದವನಿಗೇ.

ಹೋದ ವರ್ಷ ಬ್ರೇಕ್ ಕಟ್ಟಿದವನು ಈ ಮೇಸ್ತ್ರಿಯ ಅಣ್ಣ. ಬ್ರೇಕ್ ಚೆನ್ನಾಗಿಯೇ ಹಿಡಿದಿತ್ತು. ಅವನು ನಕ್ಕ ರೀತಿ ದಣಿಗೆ ಹಿಡಿಸಲಿಲ್ಲ. ಕಾಲನ್ನು ಬ್ರೇಕಿನಿಂದ ತೆಗೆದು ಆಕ್ಸಿಲರೇಟರಿನ ಮೇಲಿಟ್ಟ. ಹಿಂದೆ ಕಲ್ಲಿನ ರಾಶಿ, ಮುಂದೆ ಬಂಪರ್. ನಡುವೆ ಉಳಿದದ್ದನ್ನು ಸಲಿಕೆಯಲ್ಲಿ ಎತ್ತಬೇಕಾಯಿತು.

ಅಂಥವನ ತಮ್ಮ ತನಗೆ ಒಳ್ಳೆಯ ಎಂಜಿನ್ ತೋರಿಸುತ್ತಾನೆಯೇ? ದಣಿ ಒಳಗೊಳಗೇ ನಕ್ಕ.

ಮೇಸ್ತ್ರಿ ಎದ್ದು, ಉದ್ದ ಹಿಡಿಯ ಪಾನೆ ಕೊಟ್ಟು ಎರಡೂ ಎಂಜಿನ್‌ಗಳನ್ನು ಮತ್ತೊಮ್ಮೆ ಬಲಗೈಯಲ್ಲಿ ತಿರುಗಿಸಿದ. ಒಂದನ್ನು ಈ ಕಡೆಗೆ, ಇನ್ನೊಂದನ್ನು ಆ ಕಡೆಗೆ. ಕಿವಿಯಿಟ್ಟು ಕೇಳಿದ.

"ಎರಡರದ್ದೂ ಕಂಪ್ರೆಷನ್ ಗಟ್ಟಿಯಾಗಿದೆ. ಆದ್ರೂ ಬಲಗಡೇದೇ ತಗೊಳ್ಳಿ ದಣಿ. ಎಡಗಡೇದು ಬಸ್ಸಿಗೆ ಆಗಲ್ಲ."

"ಎರಡೂ ಗಟ್ಟಿಯಾಗಿದ್ರೆ ಇದೊಂದು ಯಾಕೋ ಆಗಲ್ಲ?"

ಗುಜರಿಯವನು ನಡುವೆ ಬಂದ. "ಅದೇನಂದ್ರೆ ದಣಿ, ದೋಣಿಲಿ ಇವೆರಡನ್ನೂ..."

ದಣಿಯ ಮುಂಗೈ ಅವನ ಬಾಯಿಗೆ ಬಡಿಯಿತು. ಒಂದು ಹಲ್ಲು ಸೀಮೆಸುಣ್ಣದ ಅಕ್ಷರಗಳ ಕೆಳಗೆ ಬಿತ್ತು.

"ಇಬ್ರೂ ಕೂತು ಬಾಯಿಪಾಠ ಮಾಡ್ಕೊಂಡು ಬಂದಿದೀರಲ್ಲ! ನನಗೇ ಟೋಪಿನಾ?"

ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದ. ಇಕ್ಕಳ ಅವನ ಪಕ್ಕದ ಬೆರಳನ್ನು ಹಿಡಿದ. ಮೇಸ್ತ್ರಿ ಬಾಯಿ ಮುಚ್ಚಿದ.

"ಎಡಗಡೇದನ್ನ ಲಾರಿಗೆ ಹೇರಿ," ಎಂದ ದಣಿ.

"ನಿಮ್ಮಿಷ್ಟ ದಣಿ," ಎಂದ ಮೇಸ್ತ್ರಿ. ಮೂರನೇ ಸಲ ಹೇಳಲಿಲ್ಲ.

ಕೂರಿಸಲು ನಾಲ್ಕು ದಿನ ಹಿಡಿಯಿತು. ಇಕ್ಕಳ ನೆರಳಿನಂತೆ ಪಕ್ಕದಲ್ಲೇ ಇದ್ದ. ಪ್ರತಿ ಬೋಲ್ಟನ್ನೂ ಬಿಗಿಸಿ ನೋಡಿದ, ಎಣ್ಣೆ ನೋಡಿದ, ಬ್ರೇಕ್ ಪೈಪುಗಳನ್ನು ಬೆರಳಲ್ಲಿ ಸವರಿದ. ಎಲ್ಲೂ ಲೋಪವಿಲ್ಲ. ಮೇಸ್ತ್ರಿ ಒಂಬತ್ತು ಬೆರಳಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದ.

ಐದನೇ ದಿನ ಅವನು ಕೇಳಿದ್ದು ಒಂದೇ. "ಊಟದ ಗಂಟೆ ಹೊಡೀಲಿ ದಣಿ, ಆಮೇಲೆ ಸ್ಟಾರ್ಟ್ ಮಾಡಿ. ಎಲ್ರೂ ಮೇಲೆ ಬಂದಿರ್ತಾರೆ."

"ಓಹೋ, ನೋಡೋಕೆ ಜನ ಬೇಕಾ ನಿಂಗೆ? ಆಗ್ಲಿ." ದಣಿಗೂ ಜನವೆಂದರೆ ಇಷ್ಟ. ಇಂಥದ್ದನ್ನು ನಾಲ್ಕು ಜನ ನೋಡಿದರೇ ಲಾಭ.

ಗಂಟೆ ಹೊಡೆಯಿತು. ಕ್ವಾರಿಯ ತಳ ಖಾಲಿಯಾಯಿತು. ಕಲ್ಲೊಡೆಯುವವರು ಬುತ್ತಿ ಹಿಡಿದು ದೂರದಲ್ಲಿ ಗುಂಪುಗೂಡಿದರು. ಎಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ಕಪ್ಪು ಹೊಗೆಯಿಲ್ಲ, ನಡುಕವಿಲ್ಲ.

ದಣಿ ಕಿಟಕಿಯಿಂದ ತಲೆ ಹೊರಹಾಕಿದ. "ಇದನ್ನೇ ಏನೋ ನೀನು ಆಗಲ್ಲ ಅಂದಿದ್ದು?"

"ಎಂಜಿನ್ ಕೆಟ್ಟಿದೆ ಅಂತ ನಾನು ಅವತ್ತೂ ಹೇಳಿಲ್ಲ ದಣಿ."

ಮೇಸ್ತ್ರಿ ಹೋಗಿ ಬಂಪರಿನ ಮುಂದೆ ನಿಂತ. ಅಣ್ಣ ನಿಂತಿದ್ದ ಜಾಗದಲ್ಲೇ, ಅದೇ ಕಲ್ಲಿನ ರಾಶಿಗೆ ಬೆನ್ನು ಕೊಟ್ಟು. ಇಕ್ಕಳ ಬಾಗಿಲ ಪಕ್ಕಕ್ಕೆ ಸರಿದ. ಹೋದ ಸಲ ಅವನ ಅಂಗಿ ಹಾಳಾಗಿತ್ತು.

ದಣಿ ಮೇಸ್ತ್ರಿಯ ಮುಖ ನೋಡಿದ. ಅಲ್ಲಿ ಹೆದರಿಕೆಯಿರಲಿಲ್ಲ. ಅದು ದಣಿಗೆ ಹಿಡಿಸಲಿಲ್ಲ. ಓಡಿಸಿ ನೋಡಿ ನಿಲ್ಲಿಸುವ ಯೋಚನೆಯನ್ನು ಅಲ್ಲಿಗೇ ಬಿಟ್ಟ. ಅಣ್ಣನ ಲೆಕ್ಕಕ್ಕೆ ತಮ್ಮನೂ ಸೇರಲಿ. ಫಸ್ಟ್ ಗೇರ್ ಹಾಕಿದ, ಕ್ಲಚ್ ಬಿಟ್ಟ, ಆಕ್ಸಿಲರೇಟರನ್ನು ನೆಲಕ್ಕೆ ಹತ್ತುವಂತೆ ಒತ್ತಿದ.

ಬಸ್ಸು ಅಬ್ಬರಿಸಿ ಜಿಗಿಯಿತು. ಮೇಸ್ತ್ರಿಯ ಮುಖ ಗಾಜಿನ ತುಂಬ ದೊಡ್ಡದಾಗಬೇಕಿತ್ತು.

ಚಿಕ್ಕದಾಯಿತು.

ಆಮೇಲೆ ಗಾಜಿನ ತುಂಬ ಬರೀ ಆಕಾಶ. ಹಿಂದಿನಿಂದ ಮಂಚ, ಸೋಫಾ, ಪಾತ್ರೆಗಳೆಲ್ಲ ಒಟ್ಟಿಗೆ ಜಾರಿದ ಸದ್ದು. ಕೆಳಗಿನಿಂದ ಬಂದ ಸದ್ದನ್ನು ದಣಿ ಕೇಳಲಿಲ್ಲ, ಮೇಲಿದ್ದವರು ಕೇಳಿದರು.

ಇಕ್ಕಳ ಅಂಚಿಗೆ ಓಡಿ, ಬಗ್ಗಿ ನೋಡಿ, ಮೇಸ್ತ್ರಿಯತ್ತ ತಿರುಗಿದ. "ನಾನೇ ಎಲ್ಲಾ ನೋಡಿದ್ನಲ್ಲೋ... ಒಂದು ಬೋಲ್ಟೂ ಬಿಡದೆ..."

ಮೇಸ್ತ್ರಿ ಮುರಿದ ಬೆರಳನ್ನು ನೇವರಿಸಿಕೊಂಡ. "ದೋಣಿ ನೇರ ಹೋಗ್ಲಿ ಅಂತ ಅವಳಿ ಎಂಜಿನ್ನಲ್ಲಿ ಒಂದನ್ನ ಉಲ್ಟಾ ತಿರುಗೋ ಹಾಗೆ ಮಾಡಿರ್ತಾರಪ್ಪ, ಅದನ್ನ ಬಸ್ಸಿಗೆ ಹಾಕಿದ್ರೆ ಮುಂದಿನ ಗೇರೆಲ್ಲಾ ಹಿಂದಕ್ಕೆ ಹೋಗ್ತವೆ, ಅದಕ್ಕೇ ಬಲಗಡೇದು ತಗೊಳ್ಳಿ ಅಂತ ಎರಡು ಸಲ ಹೇಳ್ದೆ."